ಎದೆಗಿಳಿಯದ ಹೊಗೆ

ಮಗಳು ತಾನೇ ಮೆಚ್ಚಿ ಮದುವೆಯಾದ ಹುಡುಗನನ್ನು ಬಾಯಿತುಂಬ ಮಾತಾಡಿಸುವುದು ಕೆಲವು ತಂದೆಯರಿಗೆ ಕಬ್ಬಿಣದ ಕಡಲೆ. ಈ ಮನೆಯಲ್ಲೂ ಹಾಗೇ ಇತ್ತು. ಕಾರ್ಖಾನೆ ಮುಚ್ಚಿ ಕೆಲಸ ಹೋದಮೇಲೆ ಅಳಿಯ ಮಾವನ ಬೈಂಡಿಂಗ್ ಅಂಗಡಿಗೆ ಸೇರಿಕೊಂಡ. ಹಾಳೆ ಮಡಚುವುದು, ದಾರ ಹಾಕಿ ಹೊಲಿಯುವುದು, ಪುಸ್ತಕದ ಬೆನ್ನಿಗೆ ಅಂಟು ಬಳಿದು ಹಲಗೆಗಳ ನಡುವೆ ಬಿಗಿಯುವುದು, ಎಲ್ಲವನ್ನೂ ಮಾವ ತಾಳ್ಮೆಯಿಂದ ಹೇಳಿಕೊಟ್ಟರು. ಆದರೆ ‘ನೀವು’ ಬಿಟ್ಟು ಕೆಳಗಿಳಿಯಲಿಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡಿದ್ದ ಅಳಿಯನಿಗೆ ಆ ಮರ್ಯಾದೆ ಮುಚ್ಚಿದ ಬಾಗಿಲಿನ ಹಾಗೆ ಕಾಣುತ್ತಿತ್ತು.

ಅಂಟು ಒಣಗುವ ತನಕ ಕೈಗೆ ಕೆಲಸವಿಲ್ಲ. ಆ ಹೊತ್ತಿನಲ್ಲಿ ಮಾವ ಹಿಂದಿನ ಮೆಟ್ಟಿಲ ಮೇಲೆ ಕೂತು ಪೈಪು ಸೇದುತ್ತಿದ್ದರು. ಅಂಗಡಿಯೊಳಗೆ ಮಾತ್ರ ಎಂದೂ ಹಚ್ಚುತ್ತಿರಲಿಲ್ಲ. ಎಲ್ಲೆಲ್ಲೂ ಕಾಗದ, ಒಂದು ಕಿಡಿ ಸಾಕು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರು ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. ತಮ್ಮದೇ ಹಳೆಯ ಪೈಪೊಂದನ್ನು ಒರೆಸಿ ಅಳಿಯನ ಮುಂದೆ ಹಿಡಿದರು.

“ಬಾ, ಕೂತ್ಕೋ,” ಎಂದರು.

ಅಳಿಯ ಬೀಡಿ ಸಿಗರೇಟು ಮುಟ್ಟಿದವನಲ್ಲ. ಆದರೆ ಆ ‘ಬಾ’ ಅನ್ನುವ ಮಾತಿಗೆ ಅವನು ಏನು ಬೇಕಾದರೂ ಮುಟ್ಟುತ್ತಿದ್ದ. ಹೊಗೆಸೊಪ್ಪನ್ನು ಬಿಡಿಬಿಡಿಯಾಗಿ ತುಂಬಿ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುವುದನ್ನು ಮಾವ ತೋರಿಸಿದರು. ಅವನು ಜೋರಾಗಿ ಎಳೆದು ಕೆಮ್ಮಿ ಕಣ್ಣೀರು ಹಾಕಿದಾಗ, ಬಿಸಿ ಹಾಲು ಕುಡಿಯೋ ಹಾಗೆ ಗುಟುಕು ಗುಟುಕಾಗಿ ಎಳಿ, ಯಾರೂ ಕಿತ್ತುಕೊಳ್ಳಲ್ಲ ಎಂದು ನಕ್ಕರು.

“ಹೊಗೆ ಎದೆಗೆ ಇಳಿಸಬೇಡ, ಅಷ್ಟೇ. ಬಾಯಲ್ಲೇ ಒಂದು ಸುತ್ತು ಹಾಕಿಸಿ ಕಳಿಸಿಬಿಡು. ಎದೆಗೆ ಇಳಿಯದ ಹೊಗೆ ಏನೂ ಮಾಡಲ್ಲ.”

ದಿನಾ ಅಂಟು ಒಣಗುವ ಹೊತ್ತಿಗೆ ಪಾಠ ನಡೆಯಿತು. ಪಾಠದ ಜೊತೆ ಮಾತೂ ಬಂತು. ಮಾವ ತಮ್ಮ ಬಾಲ್ಯದ ಕಥೆ ಹೇಳಿದರು, ಮಗಳ ಮೊದಲ ತೊದಲು ಮಾತುಗಳನ್ನು ಅನುಕರಿಸಿ ತೋರಿಸಿದರು. ಅಳಿಯನ ನಾಲಿಗೆ ಮಾತ್ರ ಬೆಂಕಿ ಮುಟ್ಟಿದಂತೆ ಉರಿಯತೊಡಗಿತು. ಹೇಳಿದಾಗ ಮಾವ ತಮ್ಮ ನಾಲಿಗೆ ಚಾಚಿದರು. ಅದರ ಅಂಚಿನಲ್ಲಿ ಉಗುರಿನಷ್ಟು ಅಗಲದ ಬಿಳಿ ಮಚ್ಚೆ, ನಡುವೆ ಕೆಂಪಗೆ ಹುಣ್ಣು.

“ಕಲಿಯೋವಾಗ ಎಲ್ಲರಿಗೂ ಸುಡುತ್ತೆ. ನನ್ನದು ನೋಡು, ಸುಟ್ಟು ಸುಟ್ಟು ಗಟ್ಟಿಯಾಗಿದೆ.”

ಅಳಿಯ ನಂಬಿದ. ನಂಬದೆ ಏನು ಮಾಡುತ್ತಾನೆ? ದಾರ ಎಳೆದೂ ಎಳೆದೂ ಅವನ ಬೆರಳು ಮೊದಮೊದಲು ಕೊಯ್ದು ಉರಿದಿತ್ತು, ಆಮೇಲೆ ಚರ್ಮ ದಪ್ಪಗಾಗಿ ನೋವು ನಿಂತಿತ್ತು. ಬೈಂಡಿಂಗ್ ಕೆಲಸದಲ್ಲಿ ದಪ್ಪ ಚರ್ಮವೇ ಪಳಗಿದ ಕೈಯ ಗುರುತು. ನಾಲಿಗೆಯೂ ಹಾಗೇ ಪಳಗುತ್ತದೆ ಅಂದುಕೊಂಡ.

ಹೆಂಡತಿಗೆ ವಾಸನೆ ಬಡಿಯದೆ ಇರಲಿಲ್ಲ. ಕೆಲಸ ಕಲೀರಿ ಅಂತ ಕಳಿಸಿದರೆ ಹೊಗೆಗೂಡಾಗಿ ಬಂದಿರಲ್ಲ ಎಂದು ಛೇಡಿಸಿದಳು. ಆಮೇಲೆ ಅವನು ಸಾರು ಕೂಡ ತಣ್ಣಗೆ ಮಾಡಿಕೊಂಡು ಉಣ್ಣುವುದನ್ನು ಕಂಡು ಪಕ್ಕದ ಮನೆಗೆ ಎಳೆದುಕೊಂಡು ಹೋದಳು. ಅಲ್ಲಿ ಹಲ್ಲಿನ ಆಸ್ಪತ್ರೆಯ ನರ್ಸ್ ಇದ್ದರು. ಬೀದಿಗೆಲ್ಲ ಅವರು ನರ್ಸಕ್ಕ.

ನರ್ಸಕ್ಕ ಟಾರ್ಚ್ ಹಾಕಿ ನೋಡಿ, ಇದು ಸುಟ್ಟ ಗಾಯದ ಹಾಗಿದೆ, ಸೇದೋದು ನಿಲ್ಲಿಸಿದರೆ ವಾಸಿಯಾಗಬೇಕು, ಆಗದಿದ್ದರೆ ಡಾಕ್ಟರಿಗೆ ತೋರಿಸು ಎಂದರು. ಅಳಿಯ ಮಾವನ ಮಾತನ್ನೇ ಒಪ್ಪಿಸಿದ: ನಾನು ಹೊಗೆಯನ್ನು ಎದೆಗೆ ಇಳಿಸಲ್ಲ.

“ಎದೆಗೆ ಇಳಿಸದಿದ್ರೆ ಅದು ಎಲ್ಲಿರುತ್ತಪ್ಪ? ಬಾಯಲ್ಲೇ ತಾನೆ? ಕಳ್ಳ ನಡುಮನೆಗೆ ಬಂದಿಲ್ಲ, ಬರೀ ಜಗಲಿ ಮೇಲೆ ಕೂತಿದ್ದಾನೆ ಅಂತ ನಿದ್ದೆ ಮಾಡ್ತೀಯಾ?”

ಪೈಪಿನ ಹೊಗೆಯಿಂದಲೂ ತುಟಿ, ನಾಲಿಗೆ, ಗಂಟಲಿಗೆ ಕ್ಯಾನ್ಸರ್ ಬರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಎಷ್ಟೇ ತಡೆದರೂ ಸ್ವಲ್ಪ ಹೊಗೆ ಎದೆಗೂ ಹೋಗುತ್ತದೆ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ, ಚಟ ಅಂಟುವುದು ಹಾಗೆ. ಅಳಿಯ ತಮಾಷೆಗೆಂದು ಮಾವನ ಗಟ್ಟಿಯಾದ ನಾಲಿಗೆಯ ಸುದ್ದಿ ತೆಗೆದ. ನರ್ಸಕ್ಕ ನಗಲಿಲ್ಲ.

“ಬಾಯೊಳಗಿನ ಚರ್ಮ ಬೆರಳಿನ ಚರ್ಮ ಅಲ್ಲ ಕಣಪ್ಪ. ಅದು ಪಳಗಿರೋದಲ್ಲ. ನಾಳೆನೇ ಅವರನ್ನ ಕರ್ಕೊಂಡು ಬಾ.”

ಮರುದಿನ ಅವನು ಹೇಳಲಿಲ್ಲ. ಬಾಯಿ ತೆರೆದರೆ ತೆರೆದ ಬಾಗಿಲು ಮುಚ್ಚಿಹೋದೀತು ಎಂಬ ಹೆದರಿಕೆ. ಅಪ್ಪನಿಗೆ ನಾನೇ ಹೇಳಲಾ ಎಂದು ಹೆಂಡತಿ ಕೇಳಿದಾಗಲೆಲ್ಲ, ಬೇಡ, ನಾನೇ ಹೇಳ್ತೀನಿ, ಇವತ್ತಲ್ಲ, ನಾಳೆ ಎಂದ. ಅಷ್ಟರಲ್ಲಿ ಮಾವ ಪೈಪನ್ನು ಬಾಯಿಯ ಇನ್ನೊಂದು ಮಗ್ಗುಲಿಗೆ ಬದಲಿಸಿದ್ದರು. ರೊಟ್ಟಿಯ ಗಟ್ಟಿ ಅಂಚನ್ನು ತಟ್ಟೆಯಲ್ಲೇ ಬಿಡತೊಡಗಿದ್ದರು. ಅದನ್ನು ಕಂಡಮೇಲೆ ಅವನಿಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು, ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿಬಿಟ್ಟ.

“ನೀವು ಯಾವಾಗ ಡಾಕ್ಟರ್ ಆದ್ರಿ?” ಎಂದರು ಮಾವ.

ಅಳಿಯ ತನ್ನ ಪೈಪನ್ನು ಮೆಟ್ಟಿಲ ಮೇಲಿಟ್ಟ.

“ಮಾವ, ನಾನು ಹೊಗೆಗೋಸ್ಕರ ಇಲ್ಲಿ ಕೂತವನಲ್ಲ. ನೀವು ಕರೆದ್ರಿ ಅಂತ ಕೂತೆ. ಬರಿಗೈಲಿ ಬಂದ್ರೆ ಪಕ್ಕದಲ್ಲಿ ಜಾಗ ಕೊಡಲ್ವಾ?”

ಮಾವನ ಪೈಪು ಆರಿತು, ಅವರು ಮತ್ತೆ ಹಚ್ಚಲಿಲ್ಲ. ಮರುದಿನ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ತಾವೇ ಬಾಗಿಲಲ್ಲಿ ನಿಂತಿದ್ದರು.

ಆಸ್ಪತ್ರೆಯಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಕತ್ತಿನ ಗಂಟುಗಳಿಗೂ ಹಬ್ಬಿತ್ತು. ಮಚ್ಚೆ ಕಂಡ ಹೊಸತರಲ್ಲೇ ಬಂದಿದ್ದರೆ ಸಣ್ಣ ಆಪರೇಷನ್ನಿನಲ್ಲೇ ಮುಗಿಯುತ್ತಿತ್ತೇನೋ ಎಂದರು ಡಾಕ್ಟರ್. ಈಗ ನಾಲಿಗೆಯ ಅರ್ಧಕ್ಕಿಂತ ಹೆಚ್ಚು ಭಾಗ ತೆಗೆಯಬೇಕಾಯಿತು. ಆಮೇಲೆ ರೇಡಿಯೇಷನ್. ಪೈಪು ಬಿಟ್ಟ ಅಳಿಯನ ನಾಲಿಗೆ ಅಷ್ಟರಲ್ಲಿ ವಾಸಿಯಾಗಿತ್ತು. ಮಗಳು ಅಪ್ಪನಿಗೆ ಗಂಜಿಯನ್ನು ಚಮಚೆಯಲ್ಲಿ ಕುಡಿಸುವಾಗ ಮುಖ ಗಟ್ಟಿ ಮಾಡಿಕೊಂಡಿರುತ್ತಿದ್ದಳು, ಅಡುಗೆಮನೆಗೆ ಬಂದು ಅಳುತ್ತಿದ್ದಳು.

ಮಾವ ಮತ್ತೆ ಅಂಗಡಿಗೆ ಬಂದಿದ್ದಾರೆ. ಕೈ ಮೊದಲಿನಂತೆಯೇ ಚುರುಕು, ಮಾತು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಮೊದಮೊದಲು ಅಳಿಯ ತಿಳಿದವನಂತೆ ತಲೆಯಾಡಿಸುತ್ತಿದ್ದ. ಅದು ಮಾವನಿಗೆ ಗೊತ್ತಾಗಿ ಬಾಯಿ ತೆರೆಯುವುದನ್ನೇ ನಿಲ್ಲಿಸಿದರು. ಅಂದಿನಿಂದ ಅವನು ತಲೆಯಾಡಿಸುವುದನ್ನು ಬಿಟ್ಟು, ಇನ್ನೊಂದು ಸಲ ಹೇಳಿ ಮಾವ ಎಂದು ಕೇಳತೊಡಗಿದ.

ಮೊನ್ನೆ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಬರಿಗೈಯಲ್ಲಿ ಕೂತಿದ್ದಾಗ ಮಾವ ಏನೋ ಹೇಳಿದರು. ಅವನು ಮತ್ತೆ ಮತ್ತೆ ಕೇಳಿದ. ಅವರು ಜೊಲ್ಲು ಒರೆಸಿಕೊಂಡು, ಒಂದೊಂದೇ ಪದವನ್ನು ಎತ್ತಿ ಇಟ್ಟ ಹಾಗೆ ಹೇಳಿದರು.

“ನಿನಗೆ... ಕಲಿಸಬಾರದಿತ್ತು.”

ತಿಳಿಯಲಿಲ್ಲ ಎಂದುಬಿಡೋಣ ಅನ್ನಿಸಿತು ಅವನಿಗೆ. ಆದರೆ ಹಾಗೆಂದರೆ ಅವರು ಆ ಮಾತನ್ನು ಇನ್ನೊಮ್ಮೆ ಹೇಳಬೇಕಾಗುತ್ತಿತ್ತು. ಸುಮ್ಮನೆ ಅವರ ಕೈ ಹಿಡಿದುಕೊಂಡ.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ಮನೆಗೆ ಹೋಗಿ ಬೆಳಕಿನಲ್ಲಿ ನಿಂತು ಕನ್ನಡಿಯಲ್ಲಿ ಬಾಯಿ ನೋಡಿಕೊಳ್ಳಿ. ಮನೆಯವರಿಗೂ ನೋಡಿಕೊಳ್ಳಲು ಹೇಳಿ. ನಿಮ್ಮನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಬಾಯಿಯ ಹುಣ್ಣೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ನೋವಿಲ್ಲದಿದ್ದರೂ ಡಾಕ್ಟರಿಗೆ ತೋರಿಸಿ. ಪೈಪಾಗಲಿ, ಬೀಡಿಯಾಗಲಿ, ಜಗಿಯುವ ಹೊಗೆಸೊಪ್ಪಾಗಲಿ, ಬಿಡಲು ಕಷ್ಟವಾದರೆ ನಾಚಿಕೊಳ್ಳದೆ ಆಸ್ಪತ್ರೆಯಲ್ಲಿ ಸಹಾಯ ಕೇಳಿ. ಇನ್ನೂ ಕಲಿಯದವರು ಕಲಿಯಲೇಬೇಡಿ. ಯಾರನ್ನಾದರೂ ಹತ್ತಿರ ಕರೆಯಬೇಕು ಅನ್ನಿಸಿದರೆ ಸ್ವಲ್ಪ ಸರಿದು ಜಾಗ ಮಾಡಿಕೊಡಿ, ಬಂದು ಕೂರುತ್ತಾರೆ. ಅವರ ಕೈಗೆ ಏನನ್ನೂ ಕೊಡಬೇಕಾಗಿಲ್ಲ.