ಧರೆಪ್ಪನ ತಾಟು

"ಇನ್ನೂ ಬಿಗಿ ಕಟ್ರಿ ಅಯ್ಯಾರ, ಮತ್ತ ವಾಲಾಕತ್ತಾನ!" ನೆರೆಕೋಣೆಯ ಖಂಡಪ್ಪ, ಖಾನಾವಳಿಯ ಕಟ್ಟೆಯ ಮೇಲೆ ಕೂರಿಸಿದ ಹೆಣದ ಹೆಗಲನ್ನು ಗೋಡೆಗೆ ಒತ್ತಿ ಹಿಡಿದು ಕೂಗಿದ.

ಜಂಗಮರಾದ ಬಸಯ್ಯನವರು ಹಣೆಯ ಮೇಲಿಂದ ಬಟ್ಟೆ ತಂದು ಗೋಡೆಯ ಗೂಟಕ್ಕೆ ಮೂರನೆಯ ಸಲ ಬಿಗಿದರು. ವಿಭೂತಿ, ಹೂಮಾಲೆ, ಕೈಯಲ್ಲಿ ಇಷ್ಟಲಿಂಗ, ಎಲ್ಲ ಸರಿಯಾಗಿತ್ತು. ಅಯ್ಯನವರು ಕೈ ಬಿಟ್ಟದ್ದೇ ತಡ, ಧರೆಪ್ಪನ ತಲೆ ಮತ್ತೆ ಬಲಕ್ಕೆ ಹೊರಳಿತು. ಬಲಕ್ಕೆ ಖಾನಾವಳಿಯ ಅಡಿಗೆಮನೆ.

"ನೋಡ್ರಿ ಇಂವನ! ಸತ್ತಮ್ಯಾಲೂ ಒಲಿ ಕಡೀನ ನೋಡಾಕತ್ತಾನ," ಎಂದಳು ಖಾನಾವಳಿಯ ಗಿರಿಜಾಬಾಯಿ. "ಇವತ್ತ ಒಲಿ ಹಚ್ಚಿಲ್ಲೋ ಮಾರಾಯಾ. ನೀ ಹೆಸರ ಇಡಾಕ, ತಪ್ಪ ಹುಡಕಾಕ ಒಳಗ ಏನೂ ಇಲ್ಲ."

ಅಷ್ಟು ಹೇಳಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗೆ ಗೋಡೆಯ ಮಾಡದಲ್ಲಿ ಬುಟ್ಟಿ ಮುಚ್ಚಿಟ್ಟ ಒಂದು ತಾಟಿತ್ತು, ತಾಟಿನಲ್ಲಿ ಅರ್ಧ ರೊಟ್ಟಿ. ನಿನ್ನೆ ಮಧ್ಯಾಹ್ನದಿಂದ ಅವಳು ಆ ತಾಟನ್ನು ತೊಳೆದಿರಲಿಲ್ಲ. ರೊಟ್ಟಿಯನ್ನು ಎಸೆಯಲೂ ಅವಳಿಗೆ ಕೈ ಬಂದಿರಲಿಲ್ಲ.

ಹೊರಗೆ ಗಿರಣಿ ಬಿಟ್ಟು ಬಂದ ಇಬ್ಬರು ಕಟ್ಟೆಯ ಮುಂದೆ ನಿಂತರು.

"ಇವತ್ತ ಊಟ ಇಲ್ಲೇನ್ರಿ?"

"ಹೆಣ ಕಾಣವಲ್ದೇನು?" ಎಂದು ಖಂಡಪ್ಪ ರೇಗಿದ. "ಅಕ್ಕಲಕೋಟದಿಂದ ಮನಿ ಮಂದಿ ಬರೂತನಕ ಎತ್ತೂ ಹಂಗಿಲ್ಲ. ನಾನೂ ಮುಂಜಾನಿಂದ ಉಪಾಸ ಇದ್ದೀನಿ."

"ಮುಗೀತ ಬಿಡ್ರಿ. ನಿನ್ನಿ ನೋಡಿದ್ರ ಜಗಳಾ ತಗದು ಊಟದ ರುಚಿ ಕೆಡಿಸಿದ, ಇವತ್ತ ಊಟಾನೇ ಕೆಡಿಸಿದ," ಎಂದು ಗೊಣಗುತ್ತ ಅವರೂ ಅಲ್ಲೇ ಕೂತರು. ಬಿಟ್ಟು ಹೋಗಲಿಕ್ಕೆ ಅವರಿಗೂ ಮನಸ್ಸಾಗಲಿಲ್ಲ.

*

ಸೋಲಾಪುರದ ಬಾಳಿವೇಸಿನ ಆ ಖಾನಾವಳಿಗೆ ಧರೆಪ್ಪ ಬಂದದ್ದು ಸಾವಿರದ ಒಂಬೈನೂರ ಇಪ್ಪತ್ತೊಂದನೆಯ ಇಸವಿಯಲ್ಲಿ, ಹದಿನಾಲ್ಕು ವರ್ಷದ ಹಿಂದೆ. ಅಕ್ಕಲಕೋಟದ ಒಕ್ಕಲು ಮನೆತನದವನು. ಹೊಲ ಅಣ್ಣನಿಗೆ ಬಿಟ್ಟು ಇಲ್ಲಿ ಅರಿವೆ ಅಂಗಡಿಯಲ್ಲಿ ಗಜಕೋಲು ಹಿಡಿದಿದ್ದ. ಮದುವೆಯಾದವನಲ್ಲ. ಮೊದಲ ದಿನ ಮೊದಲ ತುತ್ತಿಗೇ ಅವನು ಆಡಿದ ಮಾತು ಇದು: "ಶೇಂಗಾ ಚಟ್ನಿ ಹಿಂಗ ಮಾಡ್ತಾರೇನ ಗಿರಿಜಕ್ಕಾ? ನಮ್ಮ ವೈನಿ ಅಗಸಿ ಹುರದು ಹಾಕ್ತಾಳ."

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ರೊಟ್ಟಿ ದಪ್ಪ, ಝುಣಕ ಸಪ್ಪೆ, ಪುಂಡಿಪಲ್ಯ ಹುಳಿ. ಎಲ್ಲದಕ್ಕೂ ಆ ವೈನಿಯ, ಅವನ ಅಣ್ಣನ ಹೆಂಡತಿಯ, ಹೆಸರು. ಗಿರಿಜಾಬಾಯಿ ಕಣ್ಣಾರೆ ಕಾಣದ ಆ ಹೆಂಗಸು ಎರಡು ಹೊತ್ತೂ ಪಂಕ್ತಿಯಲ್ಲಿ ಕೂತು ಅವಳ ತಲೆ ತಿನ್ನುತ್ತಿದ್ದಳು. ಕೊನೆಗೆ ಸಿಟ್ಟಿನಲ್ಲೇ ತನ್ನ ಚಟ್ನಿ ಬಿಟ್ಟು ಅಗಸಿ ಹುರಿದು ಹಾಕಿದಳು. ಧರೆಪ್ಪ ನೆಕ್ಕಿ ನೋಡಿ, "ಹಾಂ, ಆದ್ರ ವೈನಿ ಕೈ ಬ್ಯಾರೆ," ಎಂದ.

ಆದರೂ ಹೆಸರಿಟ್ಟ ತಾಟಿನಲ್ಲಿ ಅವನು ಒಂದು ಚೂರೂ ಬಿಟ್ಟವನಲ್ಲ. ಲಿಂಗವಂತರ ಪಂಕ್ತಿಯಲ್ಲಿ ತಾಟಿಗೆ ಬಂದದ್ದು ಪ್ರಸಾದ, ಬಿಟ್ಟು ಏಳುವಂತಿಲ್ಲ. ಉಳಿದವರು ಬೆರಳಿನಿಂದ ಒರೆಸಿ ಏಳುತ್ತಿದ್ದರು. ಧರೆಪ್ಪ ತಾಟಿಗೆ ನೀರು ಹಾಕಿ, ಬಳಿದು, ಆ ನೀರನ್ನೂ ಕುಡಿದು ಏಳುತ್ತಿದ್ದ. ಊರಿಗೆ ಹೋಗುವಾಗ ಹತ್ತು ಕಡಕ ರೊಟ್ಟಿ ಬೇರೆ ಕಟ್ಟಿಸಿಕೊಳ್ಳುತ್ತಿದ್ದ.

"ಅಲ್ಲಿ ವೈನಿ ಇದ್ದಾಳಲ್ಲ, ಇವು ಯಾರಿಗಿ?"

"ದಾರ್ಯಾಗ ನಾಯಿ ಇರ್ತಾವಲ್ಲ, ಅವಕ್ಕ."

ಈ ಮಾತಿಗೆ ಗಿರಿಜಾಬಾಯಿ ಒಂದು ವಾರ ಅವನ ತಾಟಿಗೆ ತುಪ್ಪ ಹಾಕಿರಲಿಲ್ಲ.

ನಿನ್ನೆ ಸುಡುಸುಡು ಮಧ್ಯಾಹ್ನ. ಕಟ್ಟಿಗೆ ಹಸಿ, ಕಣ್ಣ ತುಂಬ ಹೊಗೆ, ಪಂಕ್ತಿಯ ತುಂಬ ಜನ. ಧರೆಪ್ಪ ರೊಟ್ಟಿ ಮುರಿದು ಎತ್ತಿ ತೋರಿಸಿದ. "ಕರಕ ಆಗ್ಯಾವಲ್ಲ ಗಿರಿಜಕ್ಕಾ. ನಮ್ಮ ವೈನಿ..."

"ಹಂಗಾದ್ರ ನಿಮ್ಮ ವೈನಿ ಕಡೀನ ಹೋಗಿ ಉಣ್ಣು! ಏಳು! ನಾಳಿಂದ ಇಲ್ಲಿ ಕಾಲಿಡಬ್ಯಾಡ!"

ಧರೆಪ್ಪ ಎದ್ದ, ಕೈ ತೊಳೆದ, ಹೋದ. ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಸಂಜೆಯ ಊಟಕ್ಕೂ ಅವನು ಬರಲಿಲ್ಲ. ಬೆಳಿಗ್ಗೆ ಖಂಡಪ್ಪ ಕೋಣೆಯ ಬಾಗಿಲು ತಳ್ಳಿ ನೋಡಿದಾಗ ಹಾಸಿಗೆಯ ಮೇಲೇ ತಣ್ಣಗಾಗಿದ್ದ. ಆ ಕೋಣೆಯಲ್ಲಿ ನಾಲ್ಕು ಜನ ನಿಲ್ಲಲು ಜಾಗವಿಲ್ಲದೆ ಹೆಣವನ್ನು ಖಾನಾವಳಿಯ ಕಟ್ಟೆಗೆ ತಂದಿದ್ದರು. ಹಸಿದವನನ್ನು ತಾಟಿನಿಂದ ಎಬ್ಬಿಸಿ ಸಾಯಲು ಕಳಿಸಿದೆ ಎಂಬುದೊಂದೇ ಬೆಳಗಿನಿಂದ ಗಿರಿಜಾಬಾಯಿಯ ತಲೆಯಲ್ಲಿ ಸುತ್ತುತ್ತಿತ್ತು.

*

ಅಕ್ಕಲಕೋಟದ ಮೋಟಾರು ಕುಂಭಾರಿಯ ಹತ್ತಿರ ಕೆಟ್ಟು ನಿಂತು, ವೈನಿ ಕಸ್ತೂರಬಾಯಿ ಬಂದು ಮುಟ್ಟುವಾಗ ಎರಡು ಹೊಡೆದಿತ್ತು. ಕಂಕುಳಲ್ಲಿ ಒಂದು ಗಂಟು, ಹಿಂದೆ ಗಂಡ, ಮಗ. ಕಟ್ಟೆಯ ಮೇಲೆ ಕೂತ ಮೈದುನನನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇಲ್ಲೇ ಬಂದು ಕುಂತೇನು? ಬೇಕಾದ ಜಾಗಾ ಸಿಕ್ಕಿತಲ್ಲೋ ನಿನಗ!" ಎಂದವಳೇ ಗೊಳೋ ಎಂದು ಅತ್ತಳು.

ಗಿರಿಜಾಬಾಯಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ಕೇಳಲು ಹೊತ್ತೂ ಇರಲಿಲ್ಲ. ಭಜನೆಯವರು ತಾಳ ಎತ್ತಿಕೊಂಡರು. ಧರೆಪ್ಪ ಬಲಕ್ಕೆ ವಾಲಿಕೊಂಡೇ ಹೋಗಿ, ಬಸಯ್ಯನವರು ಕುತ್ತಿಗೆ ನೆಟ್ಟಗೆ ಮಾಡುವಷ್ಟು ಮಾಡಿ ಸೋತ ಮೇಲೆ, ಹಾಗೆಯೇ ಮಣ್ಣಾದ.

ಸಾವಿನ ದಿನ ಒಲೆ ಹಚ್ಚುವಂತಿಲ್ಲ. ಸುದ್ದಿ ಮುಟ್ಟುವ ಮೊದಲೇ ತಟ್ಟಿದ್ದ ರೊಟ್ಟಿ, ಕುಟ್ಟಿದ್ದ ಚಟ್ನಿ ಊರಿಂದ ಗಂಟಿನಲ್ಲಿ ಬಂದಿದ್ದವು. ಸ್ನಾನ ಮಾಡಿ ಬಂದ ಮೇಲೆ ಕಸ್ತೂರಬಾಯಿ ಗಂಟು ಬಿಚ್ಚಿ, ಪಂಕ್ತಿಗೆ ಕೂತ ಗಂಡಸರಿಗೆಲ್ಲ ರೊಟ್ಟಿ ಚಟ್ನಿ ಹಾಕಿದಳು. ಆಮೇಲೆ ಅಡಿಗೆಮನೆಗೆ ಬಂದು ಗಿರಿಜಾಬಾಯಿಯ ಎದುರು ಕೂತಳು.

"ತಿನ್ರಿ. ನಿಮ್ಮ ಕೈ ರುಚಿ ಇದಕ್ಕ ಬರೂದಿಲ್ಲ, ಗೊತ್ತದ. ಹದಿನಾಲ್ಕ ವರ್ಷ ಕೇಳಿ ಕೇಳಿ ಕಂಟಾಳಾ ಬಂದದ ನನಗ."

"ಏನ ಕೇಳೀರಿ?"

"ಗಿರಿಜಕ್ಕ ಹಿಂಗ ಮಾಡ್ತಾಳ, ಗಿರಿಜಕ್ಕ ಹಂಗ ಮಾಡ್ತಾಳ! ಹಬ್ಬಕ್ಕಂತ ಬಂದಾವ ನನ್ನ ಬಿಸಿ ರೊಟ್ಟಿ ಸರಿಸಿ ನಿಮ್ಮ ಕಡಕ ರೊಟ್ಟಿ ಬಿಚ್ಚಿ ಕುಂಡರ್ತಿದ್ದ. ಮೈ ಉರೀತಿತ್ತು ನನಗ. ಚಟ್ನಿಗಿ ಅಗಸಿ ಹಾಕಬ್ಯಾಡ ವೈನಿ, ಗಿರಿಜಕ್ಕ ಬರೇ ಶೇಂಗಾ ಬಳ್ಳೊಳ್ಳಿ ಒಳ್ಳಾಗ ಕುಟ್ಟತಾಳ ಅಂದ. ಹಂಗೇ ಕುಟ್ಟಿದೆ. 'ಆದ್ರ ಗಿರಿಜಕ್ಕನ ಕೈ ಬ್ಯಾರೆ' ಅಂದ!"

ಗಿರಿಜಾಬಾಯಿ ಚಟ್ನಿಯನ್ನು ನಾಲಿಗೆಗೆ ಹಚ್ಚಿಕೊಂಡಳು. ಅದು ಅವಳದೇ ಚಟ್ನಿ. ಈ ಹೆಂಗಸಿನ ದೆಸೆಯಿಂದ ಅವಳು ಮಾಡುವುದನ್ನೇ ಬಿಟ್ಟಿದ್ದ ಚಟ್ನಿ.

"ನನಗ ಒಂದ ದಿನ ಹೇಳಿದ್ರ ಏನ ಗಂಟ ಹೋಗ್ತಿತ್ತ ಇಂವಂದು!" ಎಂದು ಚೀರಿದವಳು ಅಳತೊಡಗಿದಳು. ಮಾಡದಿಂದ ತಾಟು ತಂದು ನಡುವೆ ಇಟ್ಟಳು. "ನಿನ್ನಿ ಉಣ್ಣಾಕತ್ತಾವನ್ನ ಎಬ್ಬಿಸಿ ಕಳಿಸೀನ್ರಿ ನಾನು. ಇಷ್ಟ ಬಿಟ್ಟ ಹೋದ. ಮತ್ತ ಉಣ್ಣಲಿಲ್ಲ."

ಕಸ್ತೂರಬಾಯಿ ಆ ತಾಟನ್ನು ತನ್ನ ಕಡೆ ಎಳೆದುಕೊಂಡಳು.

"ಪ್ರಸಾದ. ಬಿಡೂ ಹಂಗಿಲ್ಲ," ಎಂದಳು.

ಒಂದು ದಿನದ ಸೆಕೆಗೆ ರೊಟ್ಟಿ ಒಣಗಿ ಕಡಕ್ಕಾಗಿತ್ತು. ಎರಡು ತುಂಡು ಮಾಡಿದಾಗ ಪಟ್ಟೆಂದಿತು. ಇಬ್ಬರೂ ಅಗಿದರು.

"ಸ್ವಲ್ಪ ಕರಕ ಆಗೇದ್ರಿ," ಎಂದಳು ಕಸ್ತೂರಬಾಯಿ.

"ಹೌದ್ರಿ. ಆಗೇದ," ಎಂದಳು ಗಿರಿಜಾಬಾಯಿ.

ತಂಬಿಗೆಯಿಂದ ತಾಟಿಗೆ ನೀರು ಬಗ್ಗಿಸಿ, ಬೆರಳಿನಿಂದ ಸುತ್ತ ಬಳಿದಳು. ಅರ್ಧ ತಾನು ಕುಡಿದು, ಉಳಿದ ನೀರಿದ್ದ ತಾಟನ್ನು ಕಸ್ತೂರಬಾಯಿಯ ಕೈಗೆ ಕೊಟ್ಟಳು.