ದೋಣಿ ಅಡ್ಡವಿಟ್ಟ ರಸ್ತೆ

ನಾನು ಒಂದು ರೋಡ್ ಸೈಕಲ್. ನನಗೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಹೆಬ್ಬೆರಳಿನಷ್ಟು ದಪ್ಪದ ಟೈರು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್. ಹಾಲಿನ ಕ್ಯಾನು ಹೊರಲು ನನ್ನಿಂದಾಗದು, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಲೂ ಆಗದು. ನನಗೆ ಗೊತ್ತಿರುವುದು ಒಂದೇ ಕೆಲಸ, ಜೋರಾಗಿ ಓಡುವುದು. ಆ ಒಂದನ್ನು ಮಾಡಲೂ ಈ ಲೋಕ ನನ್ನನ್ನು ನೆಟ್ಟಗೆ ಬಿಡಲಿಲ್ಲ. ಆಯುಷ್ಯದ ಹೆಚ್ಚಿನ ಪಾಲನ್ನು ಗೋಡೆಯ ಮೊಳೆಗೆ ನೇತುಬಿದ್ದು ಕಳೆದಿದ್ದೇನೆ.

ಹುಟ್ಟಿದ್ದು ವಿಜಯಪುರದಲ್ಲಿ, ಹುಸೇನಸಾಬ ಮಣೂರ ಅವರ ರಿಪೇರಿ ಅಂಗಡಿಯಲ್ಲಿ. ರೇಸಿನಲ್ಲಿ ಬಿದ್ದು ಮೂಲೆ ಸೇರಿದ್ದ ಒಂದು ಸೈಕಲಿನ ಚೌಕಟ್ಟು, ಇನ್ನೊಂದರ ಗಾಲಿ, ಮತ್ತೊಂದರ ಚೈನು ಸೇರಿಸಿ ಅವರು ನನ್ನನ್ನು ಕಟ್ಟಿದರು. ನೀಲಿ ಬಣ್ಣ ಹಚ್ಚಿ, ಗಾಲಿಯನ್ನು ಬೆರಳಿನಿಂದ ತಿರುಗಿಸಿ, ಅದು ನಿಲ್ಲುವ ತನಕ ಬೀಡಿ ಹಚ್ಚದೆ ನೋಡುತ್ತ ಕೂತರು. ಗಾಲಿ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. "ಇದು ಓಡ್ತೈತಿ ಬಿಡು," ಎಂದರು. ಹಾಗೆ ಹೇಳಿ ನನ್ನನ್ನು ಒಪ್ಪಿಸಿದ್ದು ದಾನಮ್ಮ ಗುಣಕಿ ಎಂಬ ಹುಡುಗಿಗೆ.

ದಾನಮ್ಮ ಕಾಲೇಜು ಓದುತ್ತಿದ್ದಳು. ಜಿಲ್ಲೆಯ ಸೈಕಲ್ ತಂಡದಲ್ಲಿದ್ದಳು. ನಸುಕಿನಲ್ಲಿ ತಂಡದವರೆಲ್ಲ ಹೆದ್ದಾರಿಗೆ ಇಳಿಯುತ್ತಿದ್ದರು, ಏಕೆಂದರೆ ನುಣುಪಾದ ಡಾಂಬರು ಇದ್ದದ್ದು ಅಲ್ಲಿ ಮಾತ್ರ. ಪಕ್ಕದಲ್ಲಿ ಲಾರಿ ಹಾದರೆ ಅದರ ಗಾಳಿಗೆ ನಾನು ಎಲೆಯಂತೆ ಅಲುಗುತ್ತಿದ್ದೆ. ಆದರೂ ಅವಳ ಕಾಲು ನನ್ನ ಪೆಡಲಿನ ಮೇಲೆ ಒಂದು ಲಯಕ್ಕೆ ಬಂತೆಂದರೆ ನನಗೆ ಬೇರೇನೂ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಅವಳ ಮುಂದೆ ಹೋಗುತ್ತಿದ್ದ ಗೆಳತಿ ಗಂಗೂಬಾಯಿಗೆ ಲಾರಿ ತಾಗಿತು. ಚಾಲಕ ನಿಲ್ಲಿಸಲಿಲ್ಲ. ಗಂಗೂಬಾಯಿ ಬದುಕಿದಳು, ಆದರೆ ಸೊಂಟದ ಎಲುಬು ಮುರಿದು ಮತ್ತೆ ಸೈಕಲ್ ಹತ್ತಲಿಲ್ಲ. ಎಲ್ಲವನ್ನೂ ಹಿಂದಿನಿಂದ ಕಂಡ ದಾನಮ್ಮನೂ ಹತ್ತಲಿಲ್ಲ. "ನನಗ ಗಾಡಿ ಸಪ್ಪಳ ಕೇಳಿದ್ರ ಕೈ ಥಣ್ಣಗಾಗ್ತಾವು," ಎಂದು ಅವ್ವನ ಮುಂದೆ ಹೇಳಿದಳು. ನನ್ನನ್ನು ಪಡಸಾಲೆಯ ಗೋಡೆಗೆ ನೇತುಹಾಕಿದರು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಏನೂ ಆಗದ ನನ್ನ ಗಾಲಿಗಳು ಸುಮ್ಮನೆ ಗಾಳಿಗೆ ತಿರುಗುತ್ತಿದ್ದರೆ ಸಂಕಟವಾಗುತ್ತಿತ್ತು. ಲಾರಿಗಳು ಮಾತ್ರ ಎಂದಿನಂತೆ ಓಡಾಡಿಕೊಂಡಿದ್ದವು.

ಕೆಲವು ವರ್ಷಗಳ ಮೇಲೆ ಅವಳಿಗೆ ಉತ್ತರ ಕನ್ನಡದ ಕರಾವಳಿಯ ಮೊಗೇರಬೈಲು ಎಂಬ ಊರಿನ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯ ಕೆಲಸ ಸಿಕ್ಕಿತು. ಯಾಕೋ ನನ್ನನ್ನೂ ಬಸ್ಸಿನ ಮೇಲೆ ಕಟ್ಟಿಸಿ ತಂದಳು. ಅಲ್ಲಿಯೂ ಗೋಡೆ, ಅಲ್ಲಿಯೂ ಮೊಳೆ. ಜೊತೆಗೆ ಉಪ್ಪುಗಾಳಿ. ನನ್ನ ಚೈನಿಗೆ ತುಕ್ಕು ಹಿಡಿಯಿತು.

ಅಲ್ಲಿ ನನ್ನ ಭಾಗ್ಯಕ್ಕೊಂದು ರಸ್ತೆ ಇತ್ತು. ಹೊಸ ಹೆದ್ದಾರಿ ಗುಡ್ಡವನ್ನು ಸೀಳಿ ನೇರ ಹೋದ ಮೇಲೆ ಹಳೆಯ ರಸ್ತೆಯನ್ನು ಎಲ್ಲರೂ ಮರೆತಿದ್ದರು. ಅದು ಊರಿನಿಂದ ಹೊರಟು ಕಡಲಂಚಿನಲ್ಲೇ ಸಾಗಿ, ಹೊಳೆಯ ಸೇತುವೆ ದಾಟಿ, ಪೂರ್ವಕ್ಕೆ ತಿರುಗಿ, ಘಟ್ಟದ ಬುಡದಲ್ಲಿ ಗುಡ್ಡೆಕಾನ ಎಂಬ ಹಳ್ಳಿಯ ತನಕ ಹೋಗುತ್ತಿತ್ತು. ಸೇತುವೆ ಭಾರ ತಡೆಯದೆಂದು ಎರಡೂ ತುದಿಗೆ ಕಲ್ಲುಕಂಬ ನೆಟ್ಟಿದ್ದರು. ಮನುಷ್ಯರು ನಡೆದು ದಾಟಬಹುದು, ಗಾಡಿ ದಾಟುವಂತಿಲ್ಲ. ದಾಟಲಾಗದ ದಾರಿಗೆ ಗಾಡಿ ಯಾಕೆ ಬಂದೀತು?

ಒಂದು ಭಾನುವಾರ ಅಡ್ಡಾಡಲು ಹೋದ ದಾನಮ್ಮ ಅದನ್ನು ಕಂಡಳು. ಮುಂದಿನ ಭಾನುವಾರದ ತನಕ ಕಾಯಲಿಲ್ಲ. ಮರುದಿನವೇ ಚೈನಿಗೆ ಎಣ್ಣೆ ಬಿಟ್ಟು, ಟೈರಿಗೆ ಗಾಳಿ ತುಂಬಿ, ಊರಿನ ಗಾಡಿಗಳ ನಡುವೆ ನನ್ನನ್ನು ಹೆಗಲ ಮೇಲೆ ಹೊತ್ತು ರಸ್ತೆಯ ಬಾಯಿಗೆ ತಂದಳು. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ತೆರೆಯ ಸದ್ದು ಬಿಟ್ಟರೆ ಏನಿಲ್ಲ. ಹತ್ತಿದಳು.

ಆ ಬೆಳಿಗ್ಗೆಯನ್ನು ಹೇಗೆ ಹೇಳಲಿ. ಎಡಕ್ಕೆ ಕಡಲು, ಗಾಳಿಮರಗಳ ಸಾಲು, ಒಣಹಾಕಿದ ಬಲೆಗಳು. ಸೇತುವೆ ದಾಟಿದ ಮೇಲೆ ಶೇಂಗಾ ಗದ್ದೆ, ಆಮೇಲೆ ನೆರಳು, ಘಟ್ಟದಿಂದ ಇಳಿದ ತಂಪು. ಗುಡ್ಡೆಕಾನದ ಏರಿನಲ್ಲಿ ಅವಳ ಉಸಿರು ಕಟ್ಟಿತು, ನನ್ನ ಹಳೆಯ ಚೈನು ಕಿರುಗುಟ್ಟಿತು, ಇಬ್ಬರೂ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಅವಳು ಬ್ರೇಕಿನಿಂದ ಬೆರಳು ತೆಗೆದಳು. ಹುಸೇನಸಾಬರು ನೋಡಬೇಕಿತ್ತು ಅನಿಸಿತು.

ಅದೇ ದಾರಿಯಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ದಿನವೂ ನಡೆಯುತ್ತಿದ್ದಳು. ಹೆಸರು ನಾಗವೇಣಿ ಹರಿಕಂತ್ರ. ವಯಸ್ಸು ನಲವತ್ತು ದಾಟಿತ್ತು. ಗುಡ್ಡೆಕಾನದ ಮನೆಗಳಿಗೆ ಮೀನು ಮಾರುವವಳು. ನಾವು ಅವಳನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹಾಯುತ್ತಿದ್ದೆವು. ಒಂದು ದಿನ ಅವಳು ಕೈ ಅಡ್ಡ ಹಿಡಿದಳು.

"ಟೀಚರೇ, ನಾ ಅಲ್ಲಿ ಮುಟ್ಟೂದ್ರೊಳ್ಗೆ ಮೀನ್ ಮೆತ್ತಗಾತದೆ. ನಂಗೆ ಇದ್ನ ಹೊಡೂಕೆ ಬತ್ತದ್ಯ?"

"ಯಾಕ ಬರೂದಿಲ್ಲ? ಆದ್ರ ಇದರ ಮ್ಯಾಲ ಬುಟ್ಟಿ ಕೂಡೂದಿಲ್ಲ. ಬ್ಯಾರೆ ಸೈಕಲ್ ತಗೊಂಡ್ ಬಾ, ಕಲಸ್ತೀನಿ."

ನಾಗವೇಣಿ ತನ್ನ ಅಣ್ಣನ ಮನೆಯಿಂದ ಒಂದು ಕರಿಯ ಭಾರದ ಸೈಕಲ್ ತಂದಳು. ಬಿದ್ದಳು, ಎದ್ದಳು, ಸೀರೆ ಎತ್ತಿ ಕಟ್ಟಿ ಮತ್ತೆ ಬಿದ್ದಳು. "ನೋಡೂಕೆ ಯಾರೂ ಇಲ್ಲ, ಗಾಡಿನೂ ಇಲ್ಲ, ಅದ್ಕೇ ಧೈರ್ಯ," ಎನ್ನುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಬುಟ್ಟಿ ಕಟ್ಟಿಕೊಂಡು ಗುಡ್ಡೆಕಾನ ಮುಟ್ಟುತ್ತಿದ್ದಳು. ಅವಳನ್ನು ಕಂಡು ಉಳಿದ ಮೀನುಗಾರ್ತಿಯರೂ ಬಂದರು. ಬೆಳಗಿನ ಹೊತ್ತು ಆ ರಸ್ತೆಯ ತುಂಬ ಗಂಟೆಯ ಸದ್ದು.

ಇಲ್ಲಿಗೆ ನಿಂತಿದ್ದರೆ ನನ್ನದು ಸುಖದ ಕಥೆಯಾಗುತ್ತಿತ್ತು.

ಯಾರೋ ಸೇತುವೆಯ ಎರಡೂ ತುದಿಯಲ್ಲಿ ಒಂದೊಂದು ಕಲ್ಲುಕಂಬವನ್ನು ಬೀಳಿಸಿದರು. ಆ ಸಂದಿನಲ್ಲಿ ಮೋಟರ್‌ಬೈಕುಗಳು ನುಸುಳತೊಡಗಿದವು. ಹಿಂದಿನಿಂದ ಸದ್ದು ಬಂದರೆ ದಾನಮ್ಮನ ಕೈ ಬಿಗಿಯುವುದು ನನ್ನ ಹ್ಯಾಂಡಲಿಗೆ ತಿಳಿಯುತ್ತಿತ್ತು. ಅವಳು ಇಳಿದು ಚರಂಡಿಯ ಅಂಚಿಗೆ ನಿಲ್ಲುತ್ತಿದ್ದಳು. ಕಂಬವನ್ನು ಮತ್ತೆ ನೆಡಿಸಿ ಎಂದು ಕೇಳಲು ಅವಳು ಮತ್ತು ನಾಗವೇಣಿ ಕಚೇರಿಗಳಿಗೆ ಅಲೆದರು. ರಸ್ತೆಯ ಕಚೇರಿಯವರು ಇದು ಪಂಚಾಯ್ತಿಯದು ಎಂದರು. ಪಂಚಾಯ್ತಿಯವರು ಸೇತುವೆ ನಮ್ಮದಲ್ಲ ಎಂದರು. ನನ್ನನ್ನು ಕಾಂಪೌಂಡಿಗೆ ಒರಗಿಸಿ ಅವರು ಒಳಗೆ ಹೋದರೆ, ಬಿಸಿಲು ನನ್ನ ಸೀಟಿನ ಬಣ್ಣ ತಿನ್ನುವ ತನಕ ಹೊರಗೆ ಬರುತ್ತಿರಲಿಲ್ಲ. ಒಬ್ಬ ಇಂಜಿನಿಯರು ಹೊರಗೆ ಚಹಾಕ್ಕೆ ಬಂದವರು ನನ್ನನ್ನು ನೋಡುತ್ತಲೇ ಹೇಳಿದರು, "ಮೇಡಂ, ರಸ್ತೆ ಅಂದ್ಮೇಲೆ ಗಾಡಿ ಓಡಾಡ್ಲೇಬೇಕಲ್ವಾ?"

"ನಾನೂ ಗಾಡೀನ ರೀ," ಎನ್ನಬೇಕೆನಿಸಿತು. ನನಗೆ ಬಾಯಿಲ್ಲ.

ಬಹಳ ಕಾಲದ ಮೇಲೆ ಅರ್ಜಿಗೆ ಉತ್ತರ ಬಂತು. ಕೇಳಿದ್ದಕ್ಕಿಂತ ಹೆಚ್ಚೇ ಬಂತು. ಕಡಲಿನಿಂದ ಘಟ್ಟದ ಬುಡದ ತನಕ ವಾಹನವಿಲ್ಲದ ಸೈಕಲ್ ಪಥ ಮಾಡುತ್ತೇವೆ ಎಂದರು. ದಾನಮ್ಮ ಶಾಲೆಯಲ್ಲಿ ಪೇಡೆ ಹಂಚಿದಳು. ಆಮೇಲೆ ಕೆಲಸ ಶುರುವಾಯಿತು. ಕಲ್ಲು ತರುವ ಟಿಪ್ಪರ್ ದಾಟಬೇಕಲ್ಲ, ಅದಕ್ಕೆ ಸೇತುವೆಯನ್ನು ಗಟ್ಟಿ ಮಾಡಿದರು. ಸೇತುವೆ ಗಟ್ಟಿಯಾಯಿತಲ್ಲ, ಇನ್ನು ಕಂಬ ಯಾಕೆಂದು ಉಳಿದವನ್ನೂ ಕಿತ್ತರು. ಹಳೆಯ ಡಾಂಬರಿನ ಮೇಲೆ ಬಣ್ಣದ ಕಾಂಕ್ರೀಟು ಇಟ್ಟಿಗೆ ಹಾಸಿದರು. ಅದರ ಸಂದುಗಳಲ್ಲಿ ನನ್ನ ತೆಳು ಟೈರು ಹಲ್ಲು ಕಡಿದಂತೆ ಕಟಕಟ ಎನ್ನುತ್ತಿತ್ತು.

ಉದ್ಘಾಟನೆಯ ದಿನ ಸೈಕಲ್ ಪಥದ ಮೇಲೆ ಕಾರುಗಳು ಸಾಲುಗಟ್ಟಿ ನಿಂತವು. ನಾಗವೇಣಿಗೆ ತನ್ನ ಸೈಕಲ್ ದಾಟಿಸಲು ಜಾಗವಿರಲಿಲ್ಲ. ವೇದಿಕೆಯ ಮೇಲಿದ್ದವರು ಸೈಕಲಿನಿಂದ ಆರೋಗ್ಯ ಎಂದು ಭಾಷಣ ಮಾಡಿ ಕಾರು ಹತ್ತಿ ಹೋದರು. ಮೊಬೈಲಿನಲ್ಲಿ ಫೋಟೋ ಕಂಡ ಜನ ಎಲ್ಲೆಲ್ಲಿಂದಲೋ ಬರತೊಡಗಿದರು. ಬಂದವರು ಕಾರಿನಲ್ಲೇ ಬಂದರು. ಸೇತುವೆಯ ಮೇಲೆ ನಿಂತು ಫೋಟೋ, ಕಡಲಂಚಿನಲ್ಲಿ ಚಿಪ್ಸು. ವಾಹನಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡಿನ ಕೆಳಗೆ, ನೆರಳಿದೆ ಎಂದು ಗಾಡಿ ನಿಲ್ಲಿಸುತ್ತಿದ್ದರು.

"ನಾ ಸುಮ್ಮ ಇದ್ದಿದ್ರ ಚೊಲೋ ಇತ್ತು," ಎಂದಳು ದಾನಮ್ಮ. "ಬೈಕ್ ಅಷ್ಟ ಬರ್ತಿದ್ವು. ಕೇಳಾಕ ಹೋಗಿ ಕಾರ್ ತಂದೆ."

ಗುಡ್ಡೆಕಾನದಿಂದ ಇಳಿದು ಬರುತ್ತಿದ್ದೆವು ಒಂದು ಬೆಳಿಗ್ಗೆ. ಸೇತುವೆಯ ಹತ್ತಿರ ಹಿಂದಿನಿಂದ ಉದ್ದನೆಯ ಹಾರ್ನ್ ಬಂತು. ಅವಳ ಎರಡೂ ಕೈ ಒಮ್ಮೆಲೇ ಬ್ರೇಕು ಹಿಡಿದವು. ನನ್ನ ಮುಂದಿನ ಗಾಲಿ ಇಟ್ಟಿಗೆಯ ಸಂದಿಗೆ ಸಿಕ್ಕಿತು. ಅವಳು ಹಾರಿ ಬಿದ್ದಳು, ನಾನು ಸೇತುವೆಯ ಕಟ್ಟೆಗೆ ಅಪ್ಪಳಿಸಿದೆ. ನನ್ನ ಚೌಕಟ್ಟು ಹುಸೇನಸಾಬರು ಎಲ್ಲಿ ಬೆಸುಗೆ ಹಾಕಿದ್ದರೋ ಅಲ್ಲೇ ಬಿರಿಯಿತು. ಕಾರು ಅವಳಿಗೆ ತಾಗಲಿಲ್ಲ. ಗಾಜು ಇಳಿಸಿದ ಯುವಕ, "ಸೈಡಿಗೆ ಹೋಗೋಕೆ ಏನು," ಎಂದ.

ಎದುರಿನಿಂದ ಬರುತ್ತಿದ್ದ ನಾಗವೇಣಿ ತನ್ನ ಸೈಕಲನ್ನು ಬುಟ್ಟಿಯ ಸಮೇತ ಕಾರಿನ ಮುಂದೆ ಅಡ್ಡ ಮಲಗಿಸಿದಳು. ಬಂಗಡೆಗಳು ಇಟ್ಟಿಗೆಯ ಮೇಲೆಲ್ಲ ಚೆಲ್ಲಿದವು. ದಾನಮ್ಮನನ್ನು ಎತ್ತಿ ಕೂರಿಸಿ, ಮುರಿದಿದ್ದ ಹೆಗಲಿನ ಎಲುಬನ್ನು ಮುಟ್ಟಿ ನೋಡಿ, ಆಮೇಲೆ ಅವನತ್ತ ತಿರುಗಿದಳು.

"ಹಿಂದೆ ಹೋಗು. ಮುಂದೆ ದಾರಿಲ್ಲ."

"ಇದು ಪಬ್ಲಿಕ್ ರೋಡು."

"ಹೌದು, ನಾವೇ ಆ ಪಬ್ಲಿಕ್ಕು."

ಅವಳ ಹಿಂದೆ ಒಬ್ಬೊಬ್ಬರಾಗಿ ಮೀನುಗಾರ್ತಿಯರು ಬಂದು ತಮ್ಮ ಸೈಕಲುಗಳನ್ನು ಮಲಗಿಸುತ್ತಿದ್ದರು. ಅವನು ಸೇತುವೆಯ ಉದ್ದಕ್ಕೂ ರಿವರ್ಸಿನಲ್ಲೇ ಹೋಗಬೇಕಾಯಿತು.

ಅದೇ ಸಂಜೆ ಹೆಂಗಸರು ದಡದಲ್ಲಿ ಬಿದ್ದಿದ್ದ ಒಂದು ಒಡಕು ದೋಣಿಗೆ ಹಗ್ಗ ಕಟ್ಟಿ, ಬಲೆ ಎಳೆಯುವ ಹಾಡಿಗೇ ಹೆಜ್ಜೆ ಹಾಕುತ್ತ ಅದನ್ನು ರಸ್ತೆಗೆ ಎಳೆದು ತಂದರು. ಸೇತುವೆಯ ಬಾಯಿಗೆ ಅಡ್ಡವಿಟ್ಟರು. ಪಕ್ಕದಲ್ಲಿ ಒಂದು ಸೈಕಲ್, ಒಂದು ಬುಟ್ಟಿ ದಾಟುವಷ್ಟು ಜಾಗ ಬಿಟ್ಟರು. ಕಚೇರಿಯವರು ಈ ಸಲ ತಾವೇ ಬಂದರು. ಯಾರ ದೋಣಿ ಎಂದು ಕೇಳಿದರು.

"ಸಾಹೇಬ್ರೇ, ಸೈಕಲ್ ದಾರಿ ಅಂತ ಬೋರ್ಡ್ ಹಾಕ್ದವ್ರು ನೀವೇ," ಎಂದಳು ನಾಗವೇಣಿ. "ಬೋರ್ಡ್ ಕಾಣದವ್ರಿಗೆ ದೋಣಿ ಕಾಣ್ಲಿ ಅಂತ ಇಟ್ಟದ್ದು."

ತೆಗೆಸುತ್ತೇವೆ ಎಂದು ಹೇಳಿ ಹೋದರು. ತೆಗೆಸಲಿಲ್ಲ. ಬೇರೆ ಯಾರೋ ಆಗಾಗ ಪಕ್ಕಕ್ಕೆ ತಳ್ಳುತ್ತಾರೆ. ಹೆಂಗಸರು ಮತ್ತೆ ಎಳೆದಿಡುತ್ತಾರೆ. ಗೆದ್ದರೆಂದು ಹೇಳಲಾರೆ. ದಿನವೂ ಗೆಲ್ಲಬೇಕಾದದ್ದು ಅದು.

ನನ್ನ ಗತಿ ಏನಾಯಿತೆಂದರೆ, ಬಿರಿದ ಚೌಕಟ್ಟಿಗೆ ಮತ್ತೆ ಬೆಸುಗೆ ನಿಲ್ಲದು ಎಂದರು. ದಾನಮ್ಮನ ಎಲುಬು ಕೂಡಿತು, ನನ್ನದು ಕೂಡಲಿಲ್ಲ. ಅವಳು ಹೊಸ ಸೈಕಲಿನ ಮಾತಾಡುವಷ್ಟರಲ್ಲಿ ವರ್ಗಾವಣೆಯ ಆದೇಶ ಬಂತು, ಅವಳದೇ ವಿಜಯಪುರ ಜಿಲ್ಲೆಗೆ. ರಸ್ತೆ ಕೈಗೆ ಬಂದ ಹೊತ್ತಿಗೆ ರಸ್ತೆಯಿಂದಲೇ ದೂರ. ಹೊರಡುವ ದಿನ ಅವಳು ನಾಗವೇಣಿಯ ಕರಿಯ ಸೈಕಲನ್ನು ಕೇಳಿ ಹತ್ತಿದಳು, ದೋಣಿಯ ಪಕ್ಕ ನುಸುಳಿ ಗುಡ್ಡೆಕಾನದತ್ತ ಹೋದಳು. ನಾನು ದಡದ ಬಲೆಯ ಶೆಡ್ಡಿನಲ್ಲಿ ಒರಗಿ ನೋಡುತ್ತಿದ್ದೆ. ಆ ಏರನ್ನು ನಾವಿಬ್ಬರೂ ಹತ್ತಬೇಕಿತ್ತು.

ಈಗ ನಾನಿರುವುದು ಆ ಶೆಡ್ಡಿನಲ್ಲೇ. ನನ್ನ ಹ್ಯಾಂಡಲಿಗೆ ಕೊಡೆ ತೂಗುಹಾಕುತ್ತಾರೆ, ಚೌಕಟ್ಟಿನ ಮೇಲೆ ಒದ್ದೆ ಟವೆಲ್ಲು ಹರಡುತ್ತಾರೆ. ಮೊನ್ನೆ ಮಧ್ಯಾಹ್ನ ಹೆಂಗಸರೆಲ್ಲ ಬಲೆ ಬಿಡಿಸುತ್ತಿದ್ದಾಗ ನಾಗವೇಣಿಯ ಮೊಬೈಲು ರಿಂಗಾಯಿತು. ಕೈಗೆ ಮೀನಿನ ಲೋಳೆ ಇದ್ದುದರಿಂದ ಅದನ್ನು ಕಲ್ಲಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ದಾನಮ್ಮನ ದನಿ.

"ನಾಗವ್ವಾ, ಇಲ್ಲೆ ಕಾಲುವಿ ದಂಡಿಗೆ ಒಂದು ಚೊಲೋ ದಾರಿ ಐತಿ. ನಮ್ಮ ಸಾಲಿ ಹುಡುಗ್ಯಾರಿಗೆ ಸೈಕಲ್ ಕಲಸಾಕತ್ತೀನಿ. ಟ್ರ್ಯಾಕ್ಟರ್ ನುಗ್ಗತಾವು. ಎಲ್ಲಾರಿಗೂ ಹೇಳಿ ನೋಡಿದೆ, ಯಾರೂ ಕೇಳವಲ್ರು. ಅಡ್ಡ ಇಡಾಕ ಇಲ್ಲಿ ದೋಣಿನೂ ಇಲ್ಲ."

ನಾಗವೇಣಿ ಬಲೆಯಿಂದ ತಲೆ ಎತ್ತಲಿಲ್ಲ. "ದೋಣಿ ಆಮೇಲೆ ಹುಡ್ಕುವ ಟೀಚರೇ. ಮೊದ್ಲು ನೀವ್ ಅಡ್ಡ ನಿಲ್ಲಿ."

ಆ ಕಡೆ ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ಅದು ಹತ್ತಿರವಾಗುತ್ತಿತ್ತು.

"ಫೋನ್ ಇಡ್ತೀನಿ ನಾಗವ್ವಾ," ಎಂದಳು ದಾನಮ್ಮ. "ಬಂತದು. ನಿಲ್ತೀನಿ."

ಶೆಡ್ಡಿನಲ್ಲಿ ಎಲ್ಲರ ಕೈಯೂ ನಿಂತಿತ್ತು. ನನ್ನ ಅಸಮಾಧಾನ ಇಳಿದಿದೆ ಎಂದು ಸುಳ್ಳು ಹೇಳಲಾರೆ. ಸೈಕಲ್ ಓಡಲೊಂದು ದಾರಿ ಸಿಗಬೇಕಾದರೆ ಮನುಷ್ಯರು ಗಾಡಿಯ ಮುಂದೆ ಎದೆಯೊಡ್ಡಿ ನಿಲ್ಲಬೇಕಾದ ಲೋಕ ಇದು, ಇದಕ್ಕೆ ಹೇಗೆ ಸಮಾಧಾನಪಡಲಿ? ಆದರೆ ಸದ್ದಿಗೆ ಥಣ್ಣಗಾಗುತ್ತಿದ್ದ ಆ ಕೈಗಳನ್ನು ನನ್ನಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಟ್ರ್ಯಾಕ್ಟರಿನ ಮುಂದೆ ನಿಂತ ಆ ಹೊತ್ತು ಅವು ಯಾವ ಹ್ಯಾಂಡಲನ್ನೂ ಹಿಡಿದಿರಲಿಲ್ಲ.