ಗಾಳಿ ಬಂದ್

ಡ್ರಿಲ್ಲಿನ ಮೊನೆ ಗೋಡೆಯ ಆಚೆ ಬದಿಗೆ ಇಣುಕಿದ ಕೂಡಲೇ ಕಿರಿಸೊಸೆ "ಸಾಕು, ನಿಲ್ಸಿ" ಎಂದಳು. ಕನೆಕ್ಷನ್ನಿನವನು ಮೊಣಕಾಲೂರಿ, ತೂತಿಗೆ ಬಾಯಿಟ್ಟು ಉಫ್ ಎಂದು ಊದಿದ. ಧೂಳೆಲ್ಲ ಅವನ ಮುಖಕ್ಕೇ ವಾಪಸು ಬಂತು. ಅವಳು ನಗಲಿಲ್ಲ.

"ಮೇಡಂ, ಇನ್ನೊಂದ್ಸಲ ಕೇಳ್ತೀನಿ," ಅವನು ಕಣ್ಣು ಉಜ್ಜಿಕೊಂಡ. "ತಂತಿ ಎಳೀತೀನಿ, ಸರಿ. ವೈಫೈ ಯಾಕೆ ಆಫ್ ಮಾಡ್ಬೇಕು? ಎರಡೂ ಇರ್ಲಿ ಬಿಡಿ. ಕಂಪ್ಯೂಟರಿಗೆ ತಂತಿ, ಫೋನಿಗೆ ವೈಫೈ. ಕೆಳಗಡೆಗೂ ಆರಾಮಾಗಿ ಹೋಗುತ್ತೆ."

"ಹೋಗುತ್ತಲ್ಲ, ಅದಕ್ಕೇ ಬೇಡ."

"ಹದಿನಾಲ್ಕು ವರ್ಷದಿಂದ ಈ ಕೆಲ್ಸ ಮಾಡ್ತಿದೀನಿ. ಸಿಗ್ನಲ್ ಬರ್ತಿಲ್ಲ ಅಂತ ಅತ್ತೋರನ್ನ ನೋಡಿದೀನಿ. ಬರುತ್ತೆ ಅಂತ ಅಳೋರನ್ನ ಇವತ್ತೇ ನೋಡಿದ್ದು."

"ನಾನು ಅಳ್ತಿಲ್ಲ."

"ಪಾಸ್‌ವರ್ಡ್ ಬದ್ಲಾಯಿಸಿ ಕೊಡ್ತೀನಿ. ಯಾರಿಗೂ ಹೇಳ್ಬೇಡಿ, ಮುಗೀತು."

"ನಮ್ಮೆಜಮಾನ್ರಿಗೆ ಗೊತ್ತಾಗುತ್ತಲ್ಲ. ಅವರಣ್ಣ ಒಂದ್ಸಲ 'ಮರೀ' ಅಂತ ಕರೆದ್ರೆ ಸಾಕು, ಪಾಸ್‌ವರ್ಡ್ ಏನು, ಹೊಟ್ಟೇಲಿರೋದನ್ನೆಲ್ಲ ಕಕ್ಕಿಬಿಡ್ತಾರೆ. ತಂತಿಗಾದ್ರೆ ಬಾಯಿಲ್ಲ."

ಈ ಮನೆಯಲ್ಲಿ ವೈಫೈಗೆ 'ಗಾಳಿ' ಎಂದೇ ಹೆಸರು. ಇಟ್ಟವಳು ಹಿರಿಸೊಸೆ, ಕೆಳಗಿನ ಮನೆಯ ಯಜಮಾನಿ. ಎರಡು ವರ್ಷದ ಹಿಂದೆ ಕಿರಿಯವಳ ಗಂಡನ ಹೆಸರಿನಲ್ಲಿ ಕನೆಕ್ಷನ್ ಬಂದಾಗ ರೌಟರನ್ನು ಕೆಳಗಿನ ಹಾಲಿನಲ್ಲಿ ಇಡಿಸಿದ್ದೂ ಅವಳೇ. ಮೇಲಕ್ಕೊಂದು ತಂತಿ ಎಳೆಸಿಕೊಳ್ಳುತ್ತೇನೆ ಎಂದರೆ, "ಈಗಷ್ಟೇ ಬಣ್ಣ ಹೊಡೆಸಿರೋ ಗೋಡೆಗೆ ತೂತಾ? ನಿಂಗೆ ಗಾಳಿ ಸಾಕು ಬಿಡು ಬೆರಳಮ್ಮ" ಎಂದುಬಿಟ್ಟಿದ್ದಳು. ಕೂರಲು ಕೆಳಗಿನ ಮೂಲೆ ಕೋಣೆ ಕೇಳಿದಾಗಲೆಲ್ಲ ಅಲ್ಲಿ ತನ್ನ ಹೊಲಿಗೆ ಮಿಷನ್ ಇದೆ ಎನ್ನುತ್ತಿದ್ದಳು. ಡಾಕ್ಟರುಗಳು ಹೇಳಿ ಕಳಿಸಿದ ವರದಿಗಳನ್ನು ಕಿವಿಗೆ ಹಾಕಿಕೊಂಡು ಟೈಪು ಮಾಡುವುದು ಕಿರಿಯವಳ ಕಸುಬು. ಹಿರಿಯವಳ ಕಣ್ಣಿಗೆ ಅದು ಕಸುಬಲ್ಲ, ಬೆರಳಿನ ಚಪಲ.

ಗಾಳಿ ಮೇಲಕ್ಕೆ ಬರುತ್ತಿತ್ತು. ಎರಡು ಗೆರೆ, ಒಮ್ಮೊಮ್ಮೆ ಒಂದು. ಅಷ್ಟರಲ್ಲೇ ಅವಳು ಹೇಗೋ ತೂಗಿಸಿದ್ದಳು. ಹೋದ ಸೋಮವಾರ ಕಾಯಂ ಕೆಲಸದ ಪರೀಕ್ಷೆಯಿತ್ತು. ಒಂದು ಗಂಟೆ, ನಡುವೆ ಸಂಪರ್ಕ ಕಡಿದರೆ ಅಲ್ಲಿಗೇ ಮುಗಿಯಿತು, ಮತ್ತೆ ಕೂರಿಸುವುದಿಲ್ಲ. ಇದನ್ನು ಅವಳು ವಾರದಿಂದ ಮನೆಯವರಿಗೆಲ್ಲ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ನಲವತ್ತೆರಡನೆಯ ನಿಮಿಷದಲ್ಲಿ, ಯಾರದೋ ಎಡ ಮೂತ್ರಪಿಂಡದ ನಡುವೆ, ಪರದೆ ನಿಂತುಹೋಯಿತು. ಕೆಳಗೆ ಓಡಿದರೆ ಹಿರಿಸೊಸೆ ದಿಂಬಿನ ಗವಸಿಗೆ ಇಸ್ತ್ರಿ ಹಾಕುತ್ತಿದ್ದಳು.

"ಅಯ್ಯೋ, ಪ್ಲಗ್ ಬೇಕಿತ್ತು ಕಣೇ, ತೆಗೆದೆ. ಮುಗೀತಾ ನಿನ್ನ ಪರೀಕ್ಷೆ?"

ದಿಂಬಿನ ಗವಸಿಗೆ ಇಸ್ತ್ರಿ. ಅದೂ ಪಕ್ಕದಲ್ಲೇ ಇನ್ನೊಂದು ಪ್ಲಗ್ಗಿನ ಜಾಗ ಖಾಲಿ ಇತ್ತು. ಕಿರಿಸೊಸೆ ಆ ಖಾಲಿ ಮೂರು ತೂತುಗಳನ್ನು ಒಂದು ಕ್ಷಣ ನೋಡಿದಳು. ಮೇಲೆ ಹತ್ತಿ ಹೋಗಿ ಕನೆಕ್ಷನ್ನಿನವನಿಗೆ ಫೋನು ಮಾಡಿದಳು.

ನಾಳೆಯೇ ಬರುತ್ತೇನೆ ಎಂದವನಿಗೆ ಶನಿವಾರ ಬನ್ನಿ ಎಂದವಳು ಅವಳೇ. ನಡುವಿನ ನಾಲ್ಕು ದಿನ ಎಂದಿಲ್ಲದಷ್ಟು ಚೆನ್ನಾಗಿ ನಡೆದುಕೊಂಡಳು. ಮಾತಿಗೊಂದು ಅಕ್ಕಾ ಎಂದಳು, ಕೇಳದೆಯೇ ಕೆಳಗಿನ ಪಾತ್ರೆ ತೊಳೆದಳು. ಸೇಡಿಗೆ ಇಷ್ಟು ರುಚಿಯಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಕಚ್ಚಿ ನುಂಗದೆ, ನಾಲಿಗೆಯ ಮೇಲಿಟ್ಟುಕೊಂಡು ಕರಗಲು ಬಿಟ್ಟಳು. ಶನಿವಾರ ನಾಲ್ಕು ಗಂಟೆಗೆ ಹಿರಿಸೊಸೆಯ ಹೊಲಿಗೆ ಪಾಠ. ಹನ್ನೊಂದು ಮಂದಿ ಹೆಂಗಸರು ಅವರವರ ಮನೆಗಳಲ್ಲಿ ಬಟ್ಟೆ ಹರವಿಕೊಂಡು, ಪರದೆಯ ಮೇಲೆ ಅವಳ ಕತ್ತರಿ ಮೂಡುವುದನ್ನು ಕಾಯುತ್ತಾರೆ. ಫೋನಿನ ಡೇಟಾ ಈ ಓಣಿಯಲ್ಲಿ ಮಾತಿಗೆ ಸಾಕು, ಮುಖ ತೋರಿಸಲು ಸಾಲದು.

ಊಟವಾದ ಮೇಲೆ ಹಿರಿಯವಳು ದಾರ ತರಲು ಅಂಗಡಿಗೆ ಹೊರಟದ್ದೇ ತಡ, ರೌಟರ್ ಮೇಲಕ್ಕೆ ಬಂದಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೆಟ್ಟಿಲು ಸದ್ದಾಯಿತು. ಹಿರಿಸೊಸೆ ಕೊರಳಲ್ಲಿ ಅಳತೆ ಟೇಪು ಇಳಿಬಿಟ್ಟುಕೊಂಡು, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳು.

"ಡಬ್ಬಿ ಇಲ್ಲಿಗೆ ಯಾಕೆ ಬಂತು? ಕೆಳಗೆ ಗಾಳಿ ಬರ್ತಿಲ್ಲ ಕಣೇ."

"ಬಂದ್ ಮಾಡಿಸ್ದೆ ಅಕ್ಕ. ಇನ್ಮೇಲೆ ತಂತಿ ಮಾತ್ರ."

"ನಾಲ್ಕಕ್ಕೆ ಪಾಠ ಇದೆ!"

"ಪಾಠ ತಾನೆ? ಪರೀಕ್ಷೆ ಅಲ್ವಲ್ಲ."

ಕನೆಕ್ಷನ್ನಿನವನು ಉಳಿದ ತಂತಿಯನ್ನು ಬಹಳ ಶ್ರದ್ಧೆಯಿಂದ ಸುತ್ತತೊಡಗಿದ.

"ನಿನ್ನ ಫೋನಿಗೂ ಬರಲ್ಲ ಹಾಗಾದ್ರೆ."

"ಬರಲ್ಲ."

"ಎದುರಿನವರಿಗೆ ಅಪಶಕುನ ಆಗ್ಲಿ ಅಂತ ತನ್ನ ಮೂಗು ಕೊಯ್ಕೊಂಡಳಂತೆ ಒಬ್ಬಳು."

"ಕೊಯ್ಕೊಂಡಾಯ್ತು. ನೋಡಕ್ಕಾ, ಚೆನ್ನಾಗಿ ಕಾಣ್ತಿದೀನಾ?"

ಹಿರಿಸೊಸೆ ಹೊಸ್ತಿಲ ಮೇಲೆ ಕುಕ್ಕರಿಸಿದಳು. ಮೊದಲ ಬಾರಿಗೆ ಅವಳು ಆ ಜಾಗವನ್ನು ಕಣ್ಣು ತುಂಬ ನೋಡಿದಂತಿತ್ತು: ಕಿಟಕಿಯಿಲ್ಲದ ಉಗ್ರಾಣ, ಹಳೆಯ ಹಾಸಿಗೆಗಳು, ಒಂದರ ಮೇಲೊಂದು ಪೇರಿಸಿದ ಟ್ರಂಕುಗಳು, ಅವುಗಳ ಸಂದಿಯಲ್ಲಿ ತುರುಕಿದ ಮೇಜು.

"ಬೇಕಂತಲೇ ತೆಗ್ದೆ," ಎಂದಳು.

"ಗೊತ್ತು."

"ಏನು ಗೊತ್ತು ನಿಂಗೆ? ಕಾಯಂ ಆದ್ರೆ ಬೇರೆ ಮನೆ ಮಾಡ್ತೀವಿ ಅಂತ ನಿನ್ನ ಗಂಡ ಅವತ್ತು ನಮ್ಮವರ ಹತ್ರ ಹೇಳ್ತಿದ್ದ. ಕೇಳಿಸ್ಕೊಂಡೆ. ನೀವು ಹೊರಟುಹೋದ್ರೆ ನಾನು ಇಡೀ ದಿನ ಯಾರ ಜೊತೆ ಜಗಳ ಆಡ್ಲಿ? ಆ ಮಿಷನ್ ಜೊತೇನಾ?"

ಕಿರಿಸೊಸೆ ಇದಕ್ಕೆ ಸಿದ್ಧಳಾಗಿರಲಿಲ್ಲ. ನಾಲ್ಕು ದಿನ ಮಸೆದಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಇದರ ಅಳತೆಗೆ ಹೊಂದಲಿಲ್ಲ. ಸಿಟ್ಟು ಬಂತು, ತನ್ನ ಸಿಟ್ಟನ್ನು ಇವಳು ಕೆಡಿಸುತ್ತಿದ್ದಾಳಲ್ಲ ಎಂದು.

ಹಿರಿಸೊಸೆ ಸೊಂಟದಿಂದ ಒಂದು ಬೀಗದ ಕೈ ಬಿಚ್ಚಿ ಅಂಗೈಯಲ್ಲಿಟ್ಟು ಚಾಚಿದಳು. "ಕೆಳಗಿನ ಮೂಲೆ ಕೋಣೆದು. ಎರಡು ವರ್ಷದಿಂದ ಕೇಳ್ತಿದ್ಯಲ್ಲ, ತಗೋ. ಮಿಷನ್ ಹಾಲಿಗೆ ಎತ್ತಿಡ್ತೀನಿ. ಎರಡು ಕಿಟಕಿ ಇವೆ, ಬೆಳಕಲ್ಲಿ ಕೂತು ಕುಟ್ಟು. ಡಬ್ಬೀನೂ ಅಲ್ಲೇ ಇಟ್ಕೊ, ನಾನು ಕೈ ಹಾಕಲ್ಲ. ಇವತ್ತೊಂದಿನ ಗಾಳಿ ಬಿಡು. ಹನ್ನೊಂದು ಜನ ಕಾಯ್ತಿದಾರೆ."

"ಒಂದೇ ಗುಂಡಿ ಮೇಡಂ," ಕನೆಕ್ಷನ್ನಿನವನು ತಗ್ಗಿದ ದನಿಯಲ್ಲಿ ಹೇಳಿದ. ರೌಟರಿನ ಬೆನ್ನ ಮೇಲೆ ಅವನ ಹೆಬ್ಬೆರಳು ಸಿದ್ಧವಾಗಿತ್ತು. "ಒತ್ತಲಾ?"

ಕೆಳಗೆ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಹಿರಿಸೊಸೆ ಏಳಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು. ಸೂಜಿ ಚುಚ್ಚಿ ಚುಚ್ಚಿ ಅದರ ತೋರುಬೆರಳಿನ ತುದಿ ಜರಡಿಯಾಗಿತ್ತು.

ಕಿರಿಸೊಸೆ ಬಗ್ಗಿ, ತಂತಿಯ ತುದಿಯನ್ನು ಕಂಪ್ಯೂಟರಿನ ಬೆನ್ನಿಗೆ ಟಕ್ ಎನ್ನುವ ತನಕ ಒತ್ತಿದಳು. ಅಲ್ಲೊಂದು ಸಣ್ಣ ಹಸಿರು ದೀಪ ಮಿಣಕ್ಕೆಂದಿತು.

"ಬೇಡ," ಎಂದಳು.